ಹಳೇ ಕಂಟೇನರ್ ಟ್ರೇಲರ್ ತಗೊಳ್ಳಬೇಕು ಅಂತಿದ್ದೇನೆ, ಓಡಿಸಿದವರು ಹೇಳಿ

ಕೇಳಿದವರು, ಹರಿಹರ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 10 ಚಕ್ರದ ಲಾರಿ ಇದೆ. ಆರು ವರ್ಷದಿಂದ ದಾವಣಗೆರೆ ಮಾರ್ಕೆಟ್ಟಿನಿಂದ ಮೆಕ್ಕೆಜೋಳ ಸಾಗಿಸುತ್ತಿದ್ದೇನೆ. ಸೀಸನ್ ಮುಗಿದರೆ ಗಾಡಿ ಮನೆ ಮುಂದೆ ನಿಲ್ಲುತ್ತದೆ. ಈಗ ಮಿಡಿಸೌತೆ ಎಕ್ಸ್‌ಪೋರ್ಟ್ ಮಾಡುವ ಫ್ಯಾಕ್ಟರಿಯವರೊಬ್ಬರು, ಟ್ರೇಲರ್ ಇದ್ದರೆ ಚೆನ್ನೈ ಬಂದರಿಗೆ ಲೋಡು ಕೊಡುತ್ತೇವೆ ಅಂದಿದ್ದಾರೆ. ಒಂದು ಹಳೇ ಹಾರ್ಸ್ (ಟ್ರೇಲರ್ ಎಳೆಯುವ ಎಂಜಿನ್ ಗಾಡಿ), ಅದರ ಜೊತೆ 40 ಅಡಿಯ ಟ್ರೇಲರ್ (ಮೇಲೆ ತಗಡಿಲ್ಲದ, ಬರೀ ಚಾಸಿ ಇರುವ ಸ್ಕೆಲಿಟನ್), ಒಟ್ಟು 14 ಚಕ್ರ, ಮಾರಾಟಕ್ಕಿದೆ. ಎಂಜಿನ್ ಚೆನ್ನಾಗಿದೆ. ಟ್ರೇಲರ್ ಮಾತ್ರ ನಾನು ಯಾವತ್ತೂ ಓಡಿಸಿಲ್ಲ. ಏನು ನೋಡಬೇಕು, ಎಲ್ಲಿ ಏಟು ಬೀಳುತ್ತದೆ, ಅನುಭವ ಇರುವವರು ಹೇಳಿ ಅಣ್ಣಂದಿರೇ.

ಹಿರಿಯೂರು, ಡ್ರೈವರ್:

ತಮ್ಮಾ, ಎಂಜಿನ್ ಚೆನ್ನಾಗಿದೆ ಅಂತ ಮೊದಲೇ ಬರೆದುಬಿಟ್ಟಿದ್ದೀಯ. ಲಾರಿಯಿಂದ ಬಂದವರೆಲ್ಲ ಹೀಗೇ, ಮೊದಲು ಎಂಜಿನ್ ಶಬ್ದ ಕೇಳುತ್ತೇವೆ. ಇಲ್ಲಿ ಎಂಜಿನ್ ಕೊನೆಗೆ ನೋಡು. ಮೊದಲು ಹಾರ್ಸ್ ಬಿಚ್ಚಿಸಿ, ಟ್ರೇಲರ್ ಮೂತಿಯ ಕೆಳಗೆ ತೂರಿ ಕಿಂಗ್‌ಪಿನ್ ನೋಡು. ಅಷ್ಟು ಟನ್ ಎಳೆದುಕೊಂಡು ಹೋಗುವುದು ಆ ಒಂದು ಗೂಟ. ಹೊಸದಿದ್ದಾಗ ಅದರ ದಪ್ಪ 2 ಇಂಚು, ಅಂದರೆ 50.8 ಮಿ.ಮೀ. ಸವೆದು 49ಕ್ಕೆ ಬಂದಿದ್ದರೆ ಬದಲಾಯಿಸಲೇಬೇಕು. ಇಷ್ಟು ಸಣ್ಣ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಗ್ರೀಸ್ ಒರೆಸಿ ವರ್ನಿಯರ್ ಇಟ್ಟೇ ಅಳೆಯಬೇಕು.

ಇನ್ನು ಜೋಡಿಸುವುದು. ಹಾರ್ಸ್ ಹಿಂದಕ್ಕೆ ಬಂದು ಪಿನ್ ಕಚ್ಚಿಕೊಂಡಾಗ ಟಕ್ ಅಂತ ಶಬ್ದ ಬರುತ್ತದೆ. ಆ ಶಬ್ದ ನಂಬಬೇಡ. ಇಳಿದು, ಟಾರ್ಚ್ ಹಾಕಿ, ಫಿಫ್ತ್ ವೀಲಿನ (ಹಾರ್ಸ್ ಮೇಲೆ ಪಿನ್ ಕಚ್ಚಿಕೊಳ್ಳುವ ಪ್ಲೇಟು) ದವಡೆ ಪಿನ್ನಿನ ಸುತ್ತ ಪೂರ್ತಿ ಮುಚ್ಚಿದೆಯಾ, ಪ್ಲೇಟಿಗೂ ಟ್ರೇಲರಿಗೂ ನಡುವೆ ಸಂದು ಉಳಿದಿದೆಯಾ ನೋಡು. ಹಾರ್ಸ್ ಬಿಚ್ಚಿದಾಗ ಟ್ರೇಲರ್ ನಿಲ್ಲುವ ಕಾಲು ಇನ್ನೂ ನೆಲದ ಹತ್ತಿರ ಇರುವಾಗಲೇ, ಟ್ರೇಲರ್ ಬ್ರೇಕ್ ಹಿಡಿದಿರುವಾಗಲೇ, ಫಸ್ಟ್ ಗೇರಿನಲ್ಲಿ ಮೆಲ್ಲಗೆ ಮುಂದಕ್ಕೆ ಎಳೆದು ನೋಡು. ಬಿಡಲಿಲ್ಲ ಅಂದಮೇಲೆ ಕಾಲು ಎತ್ತು. ನಾನು ಒಂದು ಸಲ ಸಿರಾ ಹತ್ತಿರ ಡಾಬಾ ಅಂಗಳದಲ್ಲಿ, ರಾತ್ರಿ, ಮಳೆ ಬರುತ್ತಿತ್ತು ಅಂತ ಇಳಿಯದೆ ಹೊರಟುಬಿಟ್ಟೆ. ಹಾರ್ಸ್ ಮುಂದೆ ಬಂತು, ಟ್ರೇಲರ್ ಮೂತಿ ನೆಲಕ್ಕೆ ಬಿತ್ತು. ಮೇಲಿದ್ದದ್ದು ಖಾಲಿ ಡಬ್ಬ (ಕಂಟೇನರಿಗೆ ನಾವು ಹೇಳುವುದೇ ಡಬ್ಬ), ಸುತ್ತ ಜನ ಇರಲಿಲ್ಲ. ಅದೇ ಹೈವೇ ಮೇಲೆ ಆಗಿದ್ದರೆ? ಅವತ್ತಿನಿಂದ ಎಷ್ಟೇ ಮಳೆ ಇರಲಿ, ಇಳಿದೇ ನೋಡುತ್ತೇನೆ.

ಟ್ವಿಸ್ಟ್ ಲಾಕ್ ಬಗ್ಗೆ ಒಂದು ಮಾತು ಕೇಳು. ಡಬ್ಬದ ಮೂಲೆಯ ತೂತಿಗೆ ಕೂತು, ಕಾಲು ಸುತ್ತು ತಿರುಗಿದರೆ ಹಿಡಿಯುವ ಲಾಕ್ ಅದು. ಒಂದು ಡಬ್ಬಕ್ಕೆ ನಾಲ್ಕು. ಕೆಲವು ಡ್ರೈವರ್‌ಗಳು ಬೇಕಂತಲೇ ಹಾಕುವುದಿಲ್ಲ. ಪಲ್ಟಿ ಆಗುವ ಹಾಗಾದರೆ ಡಬ್ಬ ಮಾತ್ರ ಬೀಳಲಿ, ಗಾಡಿ ಉಳಿಯಲಿ ಅಂತ ಲೆಕ್ಕ. ಇದು ತಪ್ಪು ಲೆಕ್ಕ ತಮ್ಮಾ. ಲಾಕ್ ಇಲ್ಲದ ಡಬ್ಬ ತಿರುವಿನಲ್ಲಿ, ಗಾಡಿ ಪಲ್ಟಿ ಆಗುವುದಕ್ಕೆ ಎಷ್ಟೋ ಮೊದಲೇ ಜಾರುತ್ತದೆ. ಪಕ್ಕದಲ್ಲಿ ಬೈಕಿನಲ್ಲಿ ಗಂಡ, ಹೆಂಡತಿ, ಮಗು ಹೋಗುತ್ತಿರುತ್ತಾರೆ. ನೀನು ನೋಡಲು ಹೋದಾಗ ಪ್ರತಿಯೊಂದು ಲಾಕನ್ನೂ ಕೈಯಿಂದ ತಿರುಗಿಸಿ ನೋಡು. ತುಕ್ಕು ಹಿಡಿದು ಅಲ್ಲಾಡದಿದ್ದರೆ, ಅವರು ಲಾಕ್ ಹಾಕದೆಯೇ ಓಡಿಸಿದ್ದಾರೆ ಅಂತ ಅರ್ಥ.

ಖಾಲಿ ಡಬ್ಬಕ್ಕೂ ಲಾಕ್ ಬೇಕು, ಇನ್ನೂ ಜಾಸ್ತಿ ಬೇಕು. ದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ ಅಲ್ವಾ. ಆಷಾಢದಲ್ಲಿ ಐಮಂಗಲ ದಾಟಿ ದುರ್ಗದ ಕಡೆ ಬರುವಾಗ ಸ್ಟೇರಿಂಗ್ ಹಿಡಿದವನಿಗೆ ಗೊತ್ತು. 40 ಅಡಿಯ ಖಾಲಿ ಡಬ್ಬದ ತೂಕ 4 ಟನ್ ಸಹ ಇಲ್ಲ, ಆದರೆ ಪಕ್ಕದ ಗೋಡೆ 340 ಚದರ ಅಡಿ. ಫ್ಲೈಓವರ್ ಮೇಲೆ ಹತ್ತಿದ ಕೂಡಲೇ ಗಾಳಿ ಹೊಡೆದು ಟ್ರೇಲರ್ ಪಕ್ಕಕ್ಕೆ ಎಳೆಯುತ್ತದೆ. ಸ್ಪೀಡ್ 40ರ ಮೇಲೆ ಹೋಗಬೇಡ ಅಂತ ನಮ್ಮ ಹುಡುಗರಿಗೆ ಹೇಳಿದ್ದೇನೆ.

ಚಿತ್ರದುರ್ಗ, ಟ್ರೇಲರ್ ವೆಲ್ಡಿಂಗ್ ಕೆಲಸ:

ಅಣ್ಣ ಹೇಳಿದ್ದೆಲ್ಲ ಸರಿ. ನನ್ನದು ಚಿಕ್ಕದು. ಹೊಸ ಪೇಂಟ್ ಹೊಡೆದ ಟ್ರೇಲರ್ ತೋರಿಸಿದರೆ ಮೊದಲು ಕಾರಣ ಕೇಳಿ. ಬಿರುಕು ಬರುವ ಜಾಗಗಳು ನನಗೆ ಬಾಯಿಪಾಠ: ಮೂತಿ ಬಾಗಿ ಕೆಳಗಿಳಿಯುವ ಕಡೆ, ಕಾಲುಗಳನ್ನು ಬೆಸೆದಿರುವ ಜಾಗ, ಕಮಾನು ಪಟ್ಟಿ ಹಿಡಿದಿರುವ ಬ್ರಾಕೆಟ್, ಲಾಕ್ ಕೂತಿರುವ ಅಡ್ಡ ಪಟ್ಟಿ. ಪೇಂಟ್ ಮೇಲೆ ಕೂದಲೆಳೆ ಹಾಗೆ ತುಕ್ಕಿನ ಗೆರೆ ಕಂಡರೆ ಒಳಗೆ ಬಿರುಕಿದೆ. ಒಂದು ಸಲ ಬೆಸುಗೆ ಹಾಕಿದ್ದರೆ ತೊಂದರೆ ಇಲ್ಲ. ಬೆಸುಗೆ ಮೇಲೆ ಬೆಸುಗೆ, ಅದರ ಮೇಲೆ ತೇಪೆ ಇದ್ದರೆ ಬೇಡ ಅನ್ನಿ. ಮತ್ತೆ ಗಾಡಿ ಹಿಂದೆ ದೂರ ನಿಂತು ನೋಡಿ, ಹಾರ್ಸ್ ನೇರ ಹೋಗುವಾಗ ಟ್ರೇಲರ್ ಸೊಟ್ಟ ಬರುತ್ತಿದ್ದರೆ ಆಕ್ಸಲ್ ಸರಿದಿದೆ. ಅಂಥ ಗಾಡಿ ಟೈರ್ ತಿನ್ನುತ್ತದೆ. ಕೆಂಪು ಗಾಳಿ ಪೈಪ್ ಬಿಚ್ಚಿಸಿ ನೋಡುವುದನ್ನು ಮರೆಯಬೇಡಿ, ಬಿಚ್ಚಿದ ತಕ್ಷಣ ಟ್ರೇಲರ್ ಬ್ರೇಕ್ ತಾನೇ ಹಿಡಿಯಬೇಕು.

ದಾವಣಗೆರೆ, ಫ್ಯಾಕ್ಟರಿಯೊಂದರಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುವವರು:

ಸಾರ್, ಲೋಡ್ ಮಾಡುವ ಕಡೆಯಿಂದ ನಾನು ಹೇಳುತ್ತೇನೆ. ಮಿಡಿಸೌತೆ ಉಪ್ಪುನೀರಿನ ಡ್ರಮ್ಮಿನಲ್ಲಿ ಹೋಗುತ್ತದೆ, ತುಂಬಾ ಭಾರ. ಅದಕ್ಕೆ 20 ಅಡಿಯ ಡಬ್ಬವೇ ಜಾಸ್ತಿ. ನಿಮ್ಮ ಫ್ಯಾಕ್ಟರಿಯವರು ಒಂದು ಡಬ್ಬಕ್ಕೆ ಎಷ್ಟು ಟನ್ ಅಂದಿದ್ದಾರೆ?

ಕೇಳಿದವರು, ಹರಿಹರ:

ಮೇಡಂ, ಮಾಲೇ 25 ಟನ್ ತನಕ ಬರಬಹುದು ಅಂದಿದ್ದಾರೆ. ಡಬ್ಬದ ಬಾಗಿಲ ಮೇಲೆ 30,480 ಕೆ.ಜಿ. ಅಂತ ಬರೆದಿರುತ್ತದಲ್ಲ, ಅದರೊಳಗೇ ಇದೆ ಅಂದರು.

ದಾವಣಗೆರೆ, ಡಿಸ್ಪ್ಯಾಚ್:

ಅಲ್ಲೇ ಎಲ್ಲರೂ ಎಡವುವುದು ಸಾರ್. ಆ 30,480 ಡಬ್ಬ ತಡೆಯುವ ತೂಕ, ಅದರ ಸ್ವಂತ ತೂಕವೂ ಸೇರಿ. ನಿಮ್ಮ ಗಾಡಿ ಹೊರಬಹುದಾದ ತೂಕ ಅಲ್ಲ. 2018ರಲ್ಲಿ ಆಕ್ಸಲ್ ತೂಕ ಹೆಚ್ಚಿಸಿದ ಮೇಲೆ 14 ಚಕ್ರದ ಗಾಡಿಗೆ ಒಟ್ಟು 39.5 ಟನ್, 18 ಚಕ್ರಕ್ಕೆ 45.5, 22 ಚಕ್ರಕ್ಕೆ 55. ಹಳೇ ಗಾಡಿ ಆದ್ದರಿಂದ ನಿಮ್ಮ ಆರ್‌ಸಿಯಲ್ಲಿ ಹಳೇ ತೂಕವೇ ಇರಬಹುದು, ಅದನ್ನು ಮೊದಲು ನೋಡಿ. 39.5 ಅಂತಲೇ ಇಟ್ಟುಕೊಳ್ಳಿ. ಹಾರ್ಸ್, ಟ್ರೇಲರ್, ಡೀಸೆಲ್ ಎಲ್ಲಾ ಸೇರಿ ಖಾಲಿ ಗಾಡಿ 13 ಟನ್ ಬಂದರೆ ಉಳಿದದ್ದು 26.5. ಅದರಲ್ಲಿ 20 ಅಡಿ ಡಬ್ಬದ್ದೇ ಸುಮಾರು 2.3 ಟನ್. ಮಾಲಿಗೆ ಉಳಿಯುವುದು 24 ಚಿಲ್ಲರೆ. ಅವರು ಹೇಳುವ 25 ಟನ್ ಕೂರುವುದಿಲ್ಲ. ಖಾಲಿ ಗಾಡಿಯನ್ನು ಕಾಟಾ ಮೇಲೆ ಹತ್ತಿಸಿ ಚೀಟಿ ತಗೊಳ್ಳದೆ ಅಡ್ವಾನ್ಸ್ ಕೊಡಬೇಡಿ.

ತೂಕ ಮುಚ್ಚಿಡಲೂ ಆಗುವುದಿಲ್ಲ. 2016ರ ಜುಲೈ 1ರಿಂದ ತುಂಬಿದ ಪ್ರತಿ ಡಬ್ಬದ ತೂಕವನ್ನು ಅಳೆದು ಹಡಗಿನವರಿಗೆ ಬರೆದುಕೊಡಬೇಕು, ಇಲ್ಲದಿದ್ದರೆ ಹಡಗು ಹತ್ತಿಸುವುದಿಲ್ಲ.

20 ಅಡಿ ಡಬ್ಬವನ್ನು 40 ಅಡಿ ಟ್ರೇಲರಿನ ಮೇಲೆ ಎಲ್ಲಿ ಕೂರಿಸುತ್ತಾರೆ ಅನ್ನುವುದೂ ಮುಖ್ಯ. ಬಾಗಿಲು ನಮ್ಮ ಕಟ್ಟೆಗೆ ತಾಗಲಿ ಅಂತ ತೀರಾ ಹಿಂದಕ್ಕೆ ಇಟ್ಟರೆ ಭಾರವೆಲ್ಲ ಹಿಂದಿನ ಆಕ್ಸಲ್‌ಗಳ ಮೇಲೆ ಬೀಳುತ್ತದೆ. ಹಾರ್ಸಿನ ಹಿಂದಿನ ಚಕ್ರಕ್ಕೆ ಭಾರ ಸಾಲದೆ ಒದ್ದೆ ರಸ್ತೆಯಲ್ಲಿ ಹಿಡಿತ ಸಿಗುವುದಿಲ್ಲ. ಮಧ್ಯದಲ್ಲಿ ಲಾಕ್ ಇರುವ ಟ್ರೇಲರ್ ಆದರೆ ಒಳ್ಳೆಯದು, ನಿಮ್ಮದರಲ್ಲಿ ಇದೆಯಾ ನೋಡಿ.

ಖಾಲಿ ಡಬ್ಬ ಯಾರ್ಡಿನಿಂದ ತರುವಾಗ ದಯವಿಟ್ಟು ಒಳಗೆ ಹೋಗಿ ನಿಂತುಕೊಳ್ಳಿ, ಹೊರಗಿನಿಂದ ಬಾಗಿಲು ಹಾಕಿಸಿ. ಕತ್ತಲಲ್ಲಿ ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಅಲ್ಲಿ ತೂತಿದೆ, ನೀರು ಬರುತ್ತದೆ. ಆ ಡಬ್ಬ ಬೇಡ ಅನ್ನಿ. ನೆಗ್ಗಿದ್ದು, ಹರಿದದ್ದು ಏನೇ ಇದ್ದರೂ ಗೇಟಿನಲ್ಲಿ ಕೊಡುವ ಚೀಟಿಯಲ್ಲಿ ಬರೆಸಿ, ಫೋಟೋ ಹೊಡೆದುಕೊಳ್ಳಿ. ವಾಪಸ್ ಕೊಡುವಾಗ ಹಳೇ ಗಾಯಕ್ಕೂ ನಿಮ್ಮಿಂದಲೇ ದುಡ್ಡು ಕೇಳುತ್ತಾರೆ. ನಮ್ಮಲ್ಲಿಗೆ ಬಂದ ಒಬ್ಬ ಹುಡುಗ ಹೀಗೆ ಒಂದು ಟ್ರಿಪ್ಪಿನ ಲಾಭ ಪೂರ್ತಿ ಕಳೆದುಕೊಂಡ, ನೋಡಿ ಬೇಜಾರಾಯಿತು.

ದಾವಣಗೆರೆ, ಮೂರು ಟ್ರೇಲರಿನ ಮಾಲೀಕ:

ಬಾಡಿಗೆ ವಿಷಯ ಯಾರೂ ಹೇಳಲಿಲ್ಲ. ಎಕ್ಸ್‌ಪೋರ್ಟ್ ಲೋಡಿನಲ್ಲಿ ಡಬ್ಬ ನಿಮ್ಮ ಊರಲ್ಲಿ ಸಿಗುವುದಿಲ್ಲ. ಚೆನ್ನೈನಿಂದಲೋ ಬೆಂಗಳೂರಿನಿಂದಲೋ ಖಾಲಿ ತರಬೇಕು, ತುಂಬಿಸಿ ವಾಪಸ್ ಒಯ್ಯಬೇಕು. ಚೆನ್ನೈ ಇಲ್ಲಿಂದ ಸುಮಾರು 600 ಕಿ.ಮೀ., ಹೋಗಿ ಬಂದರೆ 1,200. ಆದ್ದರಿಂದ ಬಾಡಿಗೆ ಮಾತಾಡುವಾಗ ಎರಡೂ ಕಡೆ ಸೇರಿಸಿಯೇ ಮಾತಾಡಿ. ಜೋಳದ ಲಾರಿಯ ಹಾಗೆ ಒಂದು ಕಡೆ ಲೆಕ್ಕ ಹಿಡಿದರೆ ಡೀಸೆಲ್ಲಿಗೂ ಸಾಲದು. ಹಾಲ್ಟಿಂಗ್ (ಗಾಡಿ ಕಾದು ನಿಂತದ್ದಕ್ಕೆ ಕೊಡುವ ದುಡ್ಡು) ಎಷ್ಟು ಗಂಟೆಯಿಂದ ಶುರು, ದಿನಕ್ಕೆ ಎಷ್ಟು, ಎರಡೂ ಬರೆಸಿಕೊಳ್ಳಿ. ನನ್ನ ಗಾಡಿ ಒಂದು ಕಡೆ ಮೂರು ದಿನ ಬಾಗಿಲಲ್ಲಿ ನಿಂತಿತ್ತು, ಬಾಯಿಮಾತಿನ ಒಪ್ಪಂದ, ಒಂದು ರೂಪಾಯಿ ಹುಟ್ಟಲಿಲ್ಲ.

ಒಂದೇ ಫ್ಯಾಕ್ಟರಿ ನಂಬಿ ಗಾಡಿ ತಗೊಳ್ಳಬೇಡಿ. ವೈಟ್‌ಫೀಲ್ಡ್ ಕಂಟೇನರ್ ಡಿಪೋಗೂ ಲೋಡು ಸಿಗುತ್ತದಾ ವಿಚಾರಿಸಿ, ಅಲ್ಲಿಂದ ಮುಂದೆ ಡಬ್ಬ ರೈಲಿನಲ್ಲಿ ಹೋಗುತ್ತದೆ, ನಿಮ್ಮ ಓಟ ಅರ್ಧಕ್ಕರ್ಧ ಕಡಿಮೆ. ಚೆನ್ನೈಗೇ ಹೋಗುವುದಾದರೆ ಬೆಂಗಳೂರಿನೊಳಗೆ ಸಿಕ್ಕಿಹಾಕಿಕೊಳ್ಳಬೇಡಿ, ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರ, ಹೊಸಕೋಟೆ ಮೇಲೆ ಹೋಗಿ. ಮಂಗಳೂರು ಹತ್ತಿರ ಅನ್ನಿಸುತ್ತದೆ. ಆದರೆ ಆಗುಂಬೆ ನಮ್ಮ ಗಾಡಿಗಲ್ಲ, ಶಿರಾಡಿ ಮಳೆಗಾಲದಲ್ಲಿ ಯಾವಾಗ ಮುಚ್ಚುತ್ತದೋ ಹೇಳಲಾಗದು.

ಕಾಗದ: ಹಾರ್ಸಿಗೆ ಒಂದು ಆರ್‌ಸಿ, ಟ್ರೇಲರಿಗೆ ಬೇರೆ ಆರ್‌ಸಿ. ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್), ಇನ್ಶೂರೆನ್ಸ್ ಕೂಡ ಬೇರೆ ಬೇರೆ. ಹಾರ್ಸಿನದ್ದು ಮಾತ್ರ ತೋರಿಸಿ ಮಾರುವವರು ಇದ್ದಾರೆ. ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಕಾಗದ) 200 ಕಿ.ಮೀ.ಗೆ ಒಂದು ದಿನ, ಹಾಗಾಗಿ ಚೆನ್ನೈಗೆ ಮೂರು ದಿನ ಸಿಗುತ್ತದೆ. ದಾರಿಯಲ್ಲಿ ಕೆಟ್ಟು ನಿಂತರೆ ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ, ಮುಗಿದ 8 ಗಂಟೆಯೊಳಗೆ ವಿಸ್ತರಿಸಿಕೊಳ್ಳಬೇಕು.

ಕೇಳಿದವರು, ಹರಿಹರ:

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಸಂಜೆ ಹೋಗಿ ನೋಡಿ ಬಂದೆ. ಟ್ರೇಲರಿಗೆ ಹೊಸ ಪೇಂಟ್ ಇದೆ. ಎಡಗಡೆಯ ಎರಡು ಲಾಕ್ ತಿರುಗಲೇ ಇಲ್ಲ. ಟ್ರೇಲರ್ ಆರ್‌ಸಿ ಕೇಳಿದೆ, ನಾಳೆ ತೋರಿಸುತ್ತೇನೆ ಅಂದರು. ಅಡ್ವಾನ್ಸ್ ಕೊಟ್ಟಿಲ್ಲ. 18 ಚಕ್ರದ್ದು ಇನ್ನೊಂದು ರಾಣೆಬೆನ್ನೂರಿನಲ್ಲಿ ಇದೆಯಂತೆ, ಅದನ್ನೂ ನೋಡುತ್ತೇನೆ.

ಹಿರಿಯೂರು, ಡ್ರೈವರ್:

ಒಳ್ಳೇದು ಮಾಡಿದೆ ತಮ್ಮಾ. ಭಾನುವಾರ ಬೆಳಗಾವಿಯಿಂದ ಖಾಲಿ ಬರುತ್ತಿದ್ದೇನೆ, ರಾಣೆಬೆನ್ನೂರು ದಾರಿಯಲ್ಲೇ ಸಿಗುತ್ತದೆ. ಹಾರ್ಸ್ ಬಿಚ್ಚಿ ಇಡಲು ಅವರಿಗೆ ಮೊದಲೇ ಹೇಳಿರು. ವರ್ನಿಯರ್ ನನ್ನ ಹತ್ತಿರ ಇದೆ, ನೀನು ಟಾರ್ಚ್ ತಗೊಂಡು ಬಾ.