ಕುಚ್ಚಲಕ್ಕಿ ಅನ್ನ ಬಿಡದೆ ತೂಕ ಇಳಿಸಿಕೊಳ್ಳಲು ಸಾಧ್ಯವೇ?

ಪ್ರಶ್ನೆ: ಮಲ್ಪೆ ದಾರಿಯ ಗೃಹಿಣಿ, ಉಡುಪಿ

ಎಲ್ಲರಿಗೂ ನಮಸ್ಕಾರ. ಅತ್ತೆ, ಗಂಡ, ಇಬ್ಬರು ಮಕ್ಕಳು ಮತ್ತು ನಾನು ಸೇರಿ ನಮ್ಮದು ಐದು ಜನರ ಮನೆ. ನನಗೆ 43 ವರ್ಷ, ಎತ್ತರ 155 ಸೆಂಟಿಮೀಟರ್, ತೂಕ 68 ಕಿಲೋ. ಮೊಣಕಾಲು ನೋವೆಂದು ವೈದ್ಯರಲ್ಲಿಗೆ ಹೋದಾಗ, ಆರು ತಿಂಗಳಲ್ಲಿ ಐದಾರು ಕಿಲೋ ಇಳಿಸಿಕೊಳ್ಳದಿದ್ದರೆ ಮಾತ್ರೆಯಿಂದ ಹೆಚ್ಚು ಪ್ರಯೋಜನವಾಗದು ಎಂದರು.

ಅಂದಿನಿಂದ ಬೆಳಿಗ್ಗೆ ಓಟ್ಸ್ ಗಂಜಿ, ಮಧ್ಯಾಹ್ನ ಮೂರು ಚಪಾತಿ, ರಾತ್ರಿ ಮತ್ತೆ ಚಪಾತಿ ಎಂದು ನನಗಾಗಿ ಬೇರೆಯೇ ಅಡುಗೆ ಮಾಡಿಕೊಳ್ಳುತ್ತಿದ್ದೇನೆ. ಚಪಾತಿ ಒಣಗಿದಂತಾಗುತ್ತದೆಂದು ಎರಡೂ ಬದಿಗೆ ಎಣ್ಣೆ ಸವರುತ್ತೇನೆ. ಎರಡು ತಿಂಗಳಾದರೂ ಒಂದು ಕಿಲೋ ಕೂಡ ಇಳಿದಿಲ್ಲ. ಹನ್ನೊಂದು ಗಂಟೆಯಾಗುವಷ್ಟರಲ್ಲಿ ಹಸಿವು ತಡೆಯಲಾಗದೆ ಮಕ್ಕಳು ಬಿಟ್ಟುಹೋದ ನೀರುದೋಸೆಯನ್ನು ಒಲೆಯ ಪಕ್ಕದಲ್ಲಿ ನಿಂತೇ ತಿಂದುಬಿಡುತ್ತೇನೆ. ಅನ್ನವನ್ನು ಚೆಲ್ಲಬಾರದೆಂದು ಕಲಿತು ಬೆಳೆದವಳಾದ್ದರಿಂದ ತಟ್ಟೆಯಲ್ಲಿ ಉಳಿದದ್ದನ್ನು ಎಸೆಯಲು ಕೈ ಬರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಎಲ್ಲರೂ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಉಣ್ಣುವಾಗ ನಾನೊಬ್ಬಳೇ ಬೇರೆ ತಟ್ಟೆ ಹಿಡಿದು ಕೂರುವುದು ಮನಸ್ಸಿಗೆ ಬಹಳ ಭಾರವಾಗುತ್ತದೆ.

ಕುಚ್ಚಲಕ್ಕಿಯನ್ನು ಬಿಡಲೇಬೇಕೆ? ತೆಂಗಿನಕಾಯಿ ಕಡಿಮೆ ಮಾಡಿದರೆ ಅತ್ತೆಯವರು ಊಟವನ್ನೇ ಮಾಡುವುದಿಲ್ಲ; ಆ ವಿಷಯದಲ್ಲಿ ಏನು ಮಾಡಬಹುದು? ನಾಲ್ಕು ಗಂಟೆಯ ಚಹಾ ತಿಂಡಿಯನ್ನು ಹೇಗೆ ನಿಭಾಯಿಸುತ್ತೀರಿ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ಬಿಜೈ ನಿವಾಸಿ, ಮಂಗಳೂರು

ತಂಗಿ, ನಾನು ಹತ್ತು ತಿಂಗಳಲ್ಲಿ ಏಳು ಕಿಲೋ ಇಳಿಸಿಕೊಂಡದ್ದು ಕುಚ್ಚಲಕ್ಕಿ ಅನ್ನವನ್ನು ಒಂದು ದಿನವೂ ಬಿಡದೆ. ಹಾಗಾಗಿ ಮೊದಲು ಆ ಭಯವನ್ನು ಬಿಡಿ.

ನನ್ನ ಕಣ್ಣು ತೆರೆಸಿದ್ದು ತೆಂಗಿನಕಾಯಿ. ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ತುರಿದ ಕಾಯಿಯನ್ನೆಲ್ಲ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ಬರೆದುಕೊಂಡೆ. ದೋಸೆಯ ಚಟ್ನಿಗೆ, ಮಧ್ಯಾಹ್ನದ ಗಸಿಗೆ, ತೊಂಡೆಕಾಯಿ ಪಲ್ಯದ ಮೇಲೆ ಉದುರಿಸುವುದಕ್ಕೆ, ರಾತ್ರಿಯ ತಂಬುಳಿಗೆ, ಎಲ್ಲ ಸೇರಿ 310 ಗ್ರಾಂ ಆಗಿತ್ತು. ನೂರು ಗ್ರಾಂ ಹಸಿ ಕಾಯಿತುರಿಯಲ್ಲಿ ಸುಮಾರು 350 ಕ್ಯಾಲೊರಿಯೂ 33 ಗ್ರಾಂ ಕೊಬ್ಬೂ ಇರುತ್ತದೆ. ನಾವು ನಾಲ್ವರು ಹಂಚಿಕೊಂಡರೂ ತಲಾ 270 ಕ್ಯಾಲೊರಿ, ಅಂದರೆ ಹತ್ತಿರ ಹತ್ತಿರ 200 ಗ್ರಾಂ ಬೆಂದ ಅನ್ನಕ್ಕೆ ಸಮ. ಅನ್ನವನ್ನು ಕಣ್ಣಿಟ್ಟು ಎಣಿಸುತ್ತಿದ್ದ ನಾನು, ಅರೆಯುವ ಕಲ್ಲಿಗೆ ಹೋಗುತ್ತಿದ್ದುದನ್ನು ಯಾವತ್ತೂ ಎಣಿಸಿರಲಿಲ್ಲ.

ಕಾಯಿಯನ್ನು ನಿಲ್ಲಿಸಲಿಲ್ಲ. ದಿನಕ್ಕೆ ಒಂದೇ ಪದಾರ್ಥಕ್ಕೆ ಕಾಯಿ ಅರೆಯುವುದು ಎಂದು ತೀರ್ಮಾನಿಸಿದೆ. ಬೆಳಿಗ್ಗೆ ಚಟ್ನಿ ಮಾಡಿದ ದಿನ ಮಧ್ಯಾಹ್ನ ಕಾಯಿ ಹಾಕದ ಬೋಳು ಹುಳಿ ಅಥವಾ ಹುರುಳಿ ಸಾರು. ಮೀನಿನ ದಿನವಾದರೆ ಬಂಗುಡೆ ಪುಳಿಮುಂಚಿ, ಅದಕ್ಕೆ ಹೇಗೂ ಕಾಯಿ ಬೇಡ, ಮೆಣಸು, ಹುಳಿಗಳ ರುಚಿಯೇ ಸಾಕು. ಬಸಳೆಯನ್ನು ಮಾತ್ರ ಕಾಯಿ ಇಲ್ಲದೆ ಮಾಡುವುದು ನನ್ನಿಂದಾಗದು. ಅದಕ್ಕಾಗಿ ವಾರದಲ್ಲಿ ಒಂದು ದಿನ ಇಟ್ಟುಕೊಂಡು, ಅಂದು ಧಾರಾಳವಾಗಿಯೇ ಕಾಯಿ ಹಾಕುತ್ತೇನೆ. ನಿಮ್ಮ ಅತ್ತೆಯವರಿಗೆ ಇದು ಕೊರತೆಯೆನಿಸಲಾರದು, ಏಕೆಂದರೆ ಬೋಳು ಹುಳಿ, ಪುಳಿಮುಂಚಿಗಳು ಅವರ ಕಾಲದ ಅಡುಗೆಗಳೇ.

ಚಹಾದ ವಿಷಯ: ದಿನಕ್ಕೆ ನಾಲ್ಕು ಸಲ ಎರಡೆರಡು ಚಮಚ ಸಕ್ಕರೆ ಹಾಕುತ್ತಿದ್ದೆ. ಈಗ ಎರಡು ಸಲ, ಅರ್ಧ ಚಮಚ. ಗೋಳಿಬಜೆ ಮತ್ತು ಬನ್ಸ್ ಮನೆಯಲ್ಲಿ ಮಾಡುವುದು ನೆಂಟರು ಬಂದಾಗ ಮಾತ್ರ.

ಉತ್ತರ: ನಿವೃತ್ತ ಶಿಕ್ಷಕ, ಕಟಪಾಡಿ

ಮೇಲಿನ ಸೋದರಿಯವರ ಮಾತನ್ನು ಗೌರವಿಸುತ್ತಲೇ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ನಮ್ಮ ಊಟದ ಕ್ರಮವೇ ಅನ್ನವನ್ನು ಮತ್ತೆ ಮತ್ತೆ ಬಡಿಸಿಕೊಳ್ಳುವಂತಹದ್ದು: ಸಾರಿಗೊಮ್ಮೆ, ಹುಳಿಗೊಮ್ಮೆ, ಕೊನೆಗೆ ಮಜ್ಜಿಗೆಗೊಮ್ಮೆ. ಪ್ರತಿಸಲ ಸ್ವಲ್ಪವೇ ಎಂದುಕೊಂಡರೂ ಏಳುವಾಗ ನಾಲ್ಕು ಸೌಟು ಆಗಿರುತ್ತದೆ. ನನಗೆ ಆ ಮಿತಿ ಸಾಧಿಸಲಿಲ್ಲ. ಚಪಾತಿಯಾದರೆ ಎರಡು ಎಂದರೆ ಎರಡೇ, ಲೆಕ್ಕ ತಪ್ಪುವುದಿಲ್ಲ. ಹೀಗಾಗಿ ರಾತ್ರಿ ಎಣ್ಣೆ ಹಾಕದ ಎರಡು ಚಪಾತಿ, ಒಂದು ಬಟ್ಟಲು ಹೆಸರುಕಾಳಿನ ಗಸಿ, ಒಂದು ಲೋಟ ನೀರು ಮಜ್ಜಿಗೆ ಎಂದು ಒಂದೂವರೆ ವರ್ಷದಿಂದ ನಡೆಸಿಕೊಂಡು ಬಂದಿದ್ದೇನೆ. ಸೊಂಟದ ಪಟ್ಟಿಯಲ್ಲಿ ಎರಡು ತೂತು ಒಳಗೆ ಬಂದಿದೆ.

ಇನ್ನೊಂದು ಮಾತು. ಏಕಾದಶಿಯಂದು ಅನ್ನ ಬಿಟ್ಟು, ಅದರ ಬದಲು ಅವಲಕ್ಕಿ, ಸಜ್ಜಿಗೆ, ಬಾಳೆಹಣ್ಣಿನ ರಸಾಯನವನ್ನು ಹೊಟ್ಟೆ ತುಂಬ ತಿಂದರೆ ತೂಕದ ಮಟ್ಟಿಗೆ ಅದು ಉಪವಾಸವಾಗುವುದಿಲ್ಲ. ವ್ರತದ ಫಲ ಬೇರೆ, ತಕ್ಕಡಿಯ ಲೆಕ್ಕ ಬೇರೆ.

ಉತ್ತರ: ಆಹಾರ ಸಲಹೆಗಾರ್ತಿ, ಮಂಗಳೂರು

ಇಬ್ಬರ ಮಾತೂ ಸರಿಯೇ, ಏಕೆಂದರೆ ಇಬ್ಬರೂ ಹಿಡಿದದ್ದು ಅಳತೆಯನ್ನು. ಪ್ರಶ್ನೆ ಕೇಳಿದವರ ಚಪಾತಿಯನ್ನೇ ನೋಡೋಣ. ಮೂವತ್ತು ಗ್ರಾಂ ಹಿಟ್ಟಿನ ಒಂದು ಚಪಾತಿಗೆ ಸುಮಾರು 100 ಕ್ಯಾಲೊರಿ. ಅದರ ಮೇಲೆ ಒಂದು ಟೀ ಚಮಚ ಎಣ್ಣೆ ಬಿದ್ದರೆ ಇನ್ನೂ 40ಕ್ಕಿಂತ ಹೆಚ್ಚು ಸೇರುತ್ತದೆ. ಮೂರು ಚಪಾತಿಗೆ 420 ದಾಟಿತು. ಇನ್ನೂರು ಗ್ರಾಂ ಬೆಂದ ಅನ್ನದಲ್ಲಿರುವುದು ಸುಮಾರು 260. ಎರಡು ತಿಂಗಳು ಮನಸ್ಸು ಕಟ್ಟಿಕೊಂಡು ಇಷ್ಟದ ಊಟವನ್ನು ಬಿಟ್ಟರೂ ತೂಕ ಅಲುಗಾಡದಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ಇದರಲ್ಲಿ ನಿಮ್ಮ ಛಲದ ಕೊರತೆಯೇನೂ ಇಲ್ಲ.

ಕುಚ್ಚಲಕ್ಕಿಯನ್ನು ಶತ್ರುವೆಂದು ತಿಳಿಯಬೇಡಿ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿದ ಮೇಲೆ ಮಿಲ್ಲಿಗೆ ಹಾಕುವುದರಿಂದ ತವುಡಿನಲ್ಲಿರುವ ಬಿ ಗುಂಪಿನ ಜೀವಸತ್ವಗಳ ಒಂದು ಪಾಲು ಕಾಳಿನೊಳಗೆ ಇಳಿದು ಉಳಿಯುತ್ತದೆ. ಹಾಗೆ ಬೇಯಿಸದೆ ಮಿಲ್ಲಿಗೆ ಹಾಕಿದ ಬೆಳ್ತಿಗೆ ಅಕ್ಕಿಗಿಂತ ಇದು ಸಾಮಾನ್ಯವಾಗಿ ನಿಧಾನವಾಗಿ ಜೀರ್ಣವಾಗುತ್ತದೆ. ಆದರೆ ಕ್ಯಾಲೊರಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಪ್ರಮಾಣದ ಲೆಕ್ಕ ಇಡುವುದನ್ನು ಬಿಡುವಂತಿಲ್ಲ.

ಹನ್ನೊಂದು ಗಂಟೆಯ ಹಸಿವಿಗೆ ನಿಜವಾದ ಮದ್ದು ಬೆಳಗಿನ ತಿಂಡಿಯಲ್ಲಿ ಪ್ರೋಟೀನ್ ಸೇರಿಸುವುದು. ಓಟ್ಸ್ ನಿಮಗೆ ರುಚಿಸದಿದ್ದರೆ ಬಿಡಿ. ಎರಡು ನೀರುದೋಸೆಯೊಂದಿಗೆ ಒಂದು ಬೇಯಿಸಿದ ಮೊಟ್ಟೆ ಅಥವಾ ಮೊಳಕೆ ಬಂದ ಹೆಸರುಕಾಳಿನ ಉಸುಲಿ ತಿನ್ನಿ. ಮಧ್ಯಾಹ್ನ ಕುಳಿತ ಕೂಡಲೇ ಅನ್ನಕ್ಕೆ ಕೈ ಹಾಕದೆ ಮೊದಲು ಪಲ್ಯವನ್ನೂ ಮೀನನ್ನೂ ತಿನ್ನಿ. ತಟ್ಟೆಯ ಅರ್ಧ ಭಾಗ ಹರಿವೆ, ಅಲಸಂಡೆ, ಸೌತೆಯಂತಹ ತರಕಾರಿಗೆ ಮೀಸಲಿರಲಿ. ಬಂಗುಡೆ, ಬೂತಾಯಿಗಳಲ್ಲಿ ಪ್ರೋಟೀನೂ ಒಮೆಗಾ-3 ಕೊಬ್ಬೂ ಚೆನ್ನಾಗಿರುತ್ತದೆ, ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿ ಹುರಿಯದಿದ್ದರಾಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಆ ಎರಡು ತಿಂಗಳಲ್ಲಿ ಒಣಮೀನಿನ ಚಟ್ನಿ ಹೆಚ್ಚಾಗುತ್ತದೆ. ಅದರಲ್ಲಿ ಉಪ್ಪು ವಿಪರೀತವಾದ್ದರಿಂದ ರಕ್ತದೊತ್ತಡವಿರುವವರು ಹುರುಳಿ, ಮೊಟ್ಟೆಗಳ ಕಡೆಗೆ ತಿರುಗುವುದು ಒಳ್ಳೆಯದು.

ನೀವು ಕೊಟ್ಟ ಅಂಕಿಗಳಿಂದ ದೇಹದ ತೂಕದ ಸೂಚ್ಯಂಕ 28 ದಾಟುತ್ತದೆ. ಭಾರತೀಯರಲ್ಲಿ 23 ದಾಟಿದರೆ ಅಧಿಕ ತೂಕವೆಂದು ಎಣಿಸುತ್ತಾರೆ. ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಒಳಗಿರಬೇಕು. ಆದರೂ ಒಮ್ಮೆಲೇ 23ರ ಕಡೆಗೆ ನೋಡಬೇಡಿ, ವೈದ್ಯರು ಹೇಳಿದ ಐದಾರು ಕಿಲೋ ಮೊದಲ ಗುರಿಯಾಗಿ ಸಾಕು. ತಿಂಗಳಿಗೆ ಒಂದು ಕಿಲೋ ಇಳಿದರೂ ಸಂತೋಷಪಡಿ. ಮನೆಯಲ್ಲಿ ಯಾರಾದರೂ ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿದ್ದರೆ ಅವರ ಅನ್ನವನ್ನು ಮಾತ್ರ ವೈದ್ಯರನ್ನು ಕೇಳದೆ ಕಡಿಮೆ ಮಾಡಬೇಡಿ, ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಬೇರೆ ಅಡುಗೆಯನ್ನು ನಿಲ್ಲಿಸಿದೆ. ಮಧ್ಯಾಹ್ನ ಎಲ್ಲರೊಂದಿಗೆ ಕುಳಿತು, ಹಳೆಯ ಹಿತ್ತಾಳೆಯ ಕುಡ್ತೆಯಲ್ಲಿ ಒಂದು ಕುಡ್ತೆ ಅನ್ನವನ್ನು ಅಳೆದು ಬಡಿಸಿಕೊಳ್ಳುತ್ತೇನೆ. ಅದನ್ನೇ ಸಾರಿಗೂ ಮಜ್ಜಿಗೆಗೂ ಪಾಲು ಮಾಡಿಕೊಳ್ಳುತ್ತೇನೆ. ಮೊದಲ ನಾಲ್ಕು ದಿನ ಕಷ್ಟವಾಯಿತು, ಆಮೇಲೆ ಅಭ್ಯಾಸವಾಯಿತು. ಮಕ್ಕಳಿಗೆ ಮೊದಲೇ ಕಡಿಮೆ ಬಡಿಸಿ, ಬೇಕಾದರೆ ಕೇಳಿ ಹಾಕಿಸಿಕೊಳ್ಳಿ ಎಂದದ್ದರಿಂದ ತಟ್ಟೆಯಲ್ಲಿ ಉಳಿಯುವುದೂ ನಿಂತಿದೆ.

ಬೋಳು ಹುಳಿ ಮಾಡಿದ ದಿನ ಅತ್ತೆಯವರು ಏನೆನ್ನುತ್ತಾರೋ ಎಂದು ಅಂಜಿದ್ದೆ. ಅವರು ಎರಡನೆಯ ಸಲ ಕೇಳಿ ಹಾಕಿಸಿಕೊಂಡು, ತಮ್ಮ ತಾಯಿ ಮಳೆಗಾಲದಲ್ಲಿ ಇದನ್ನೇ ಹಲಸಿನ ಬೀಜ ಹಾಕಿ ಮಾಡುತ್ತಿದ್ದರು ಎಂದು ಬಹಳ ಹೊತ್ತು ಮಾತನಾಡಿದರು. ಮರುದಿನ ತಾವೇ ಕುಳಿತು ಬೀಜ ಸುಲಿದುಕೊಟ್ಟರು. ತೂಕ ಈಗ 67 ಕಿಲೋ 100 ಗ್ರಾಂ.

ಮುಂದಿನ ವಾರ ನಾಗರಪಂಚಮಿ. ಅರಶಿನ ಎಲೆಯ ಗಟ್ಟಿಗೆ ಕಾಯಿಯೂ ಬೇಕು, ಬೆಲ್ಲವೂ ಬೇಕು, ಅದರಲ್ಲಿ ಅಳತೆ ಕಡಿಮೆ ಮಾಡುವುದಿಲ್ಲ. ಎರಡು ಗಟ್ಟಿ ತಿಂದು, ಅಂದು ಮಧ್ಯಾಹ್ನ ಅರ್ಧ ಕುಡ್ತೆ ಅನ್ನಕ್ಕೆ ನಿಲ್ಲಿಸಬೇಕೆಂದುಕೊಂಡಿದ್ದೇನೆ.