ಜನವರಿಗೆ ಬರುವ ಚಿಕ್ಕಪ್ಪನಿಗೆ, ಮೀನಿನ ವಿಚಾರ

ಚಿಕ್ಕಪ್ಪ, ಟೈಪ್ ಮಾಡಲು ಕೂತರೆ ಬೆಳಗಾಗುತ್ತದೆ, ಅದಕ್ಕೇ ಮಾತಿನಲ್ಲೇ ಹೇಳಿಬಿಡುತ್ತೇನೆ. ಜನವರಿಯಲ್ಲಿ ಪೋರ್ಟ್‌ಲ್ಯಾಂಡಿಗೆ ಬಂದಾಗ ಗೈಡ್ ಗೊತ್ತುಮಾಡಿಕೊಂಡು ಸಾಲ್ಮನ್ ಹಿಡಿಯೋಣ, ಐಸ್ ಪೆಟ್ಟಿಗೆ ತುಂಬಿಸಿಕೊಂಡು ಬರೋಣ ಎಂದು ಗ್ರೂಪಿನಲ್ಲಿ ಹಾಕಿದ್ದೀರಿ. ಹೋಗೋಣ, ಅದರಲ್ಲಿ ಎರಡು ಮಾತಿಲ್ಲ. ಪೆಟ್ಟಿಗೆಯ ಆಸೆ ಮಾತ್ರ ಈಗಲೇ ಬಿಡಿ.

ಜನವರಿಯಲ್ಲಿ ನಮ್ಮ ಆರೆಗಾನ್ ರಾಜ್ಯದ ಕರಾವಳಿಯಲ್ಲಿ ಸಾಲ್ಮನ್ ಇಲ್ಲವೆಂದೇ ಲೆಕ್ಕ. ಚಿನೂಕ್ ಎನ್ನುವ ದೊಡ್ಡ ಸಾಲ್ಮನ್ ಸೆಪ್ಟೆಂಬರಿನಲ್ಲಿ ಟಿಲ್ಲಮೂಕ್ ಕೊಲ್ಲಿಗೆ ಬಂದು, ಮಳೆ ಹಿಡಿದ ಮೇಲೆ ನದಿ ಏರಿ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಸ್ಟೀಲ್‌ಹೆಡ್‌ನ ಸರದಿ. ಅದು ರೇನ್‌ಬೋ ಟ್ರೌಟ್‌ನದೇ ಜಾತಿ. ಸಮುದ್ರಕ್ಕೆ ಹೋಗಿ ಬೆಳೆದು ಹುಟ್ಟಿದ ನದಿಗೆ ಮರಳುತ್ತದೆ. ಮೊಟ್ಟೆಯಿಟ್ಟ ಮೇಲೂ ಕೆಲವು ಬದುಕಿ ಮತ್ತೆ ಸಮುದ್ರಕ್ಕೆ ಇಳಿಯುತ್ತವೆ. ದಿನವಿಡೀ ಕೂತು ಒಂದೂ ಸಿಗದೆ ಎದ್ದುಬರುವುದು ಈ ಮೀನಿನ ಬೇಟೆಯಲ್ಲಿ ಮಾಮೂಲು.

ಹಾಗಾದರೆ ಗೈಡಿಗೆ ದುಡ್ಡು ಯಾಕೆ ಎಂದು ಚಿಕ್ಕಮ್ಮ ಕೇಳುತ್ತಾರೆ. ಒಬ್ಬರಿಗೆ 250ರಿಂದ 300 ಡಾಲರ್ ಆಸುಪಾಸು, ಟಿಪ್ಸ್ ಬೇರೆ, ಕೇಳಲೇಬೇಕಾದ ಮಾತೇ. ನನ್ನ ಪ್ರಕಾರ ಅದು ಮೀನಿನ ಬೆಲೆಯಲ್ಲ, ಹುಟ್ಟು ಹಾಕುವ ಕೈಯ ಕೂಲಿ. ಡ್ರಿಫ್ಟ್ ಬೋಟ್ ಎಂಬ ಆ ದೋಣಿ ಇದೇ ಆರೆಗಾನ್‌ನ ಮೆಕೆಂಝಿ ನದಿಯಲ್ಲಿ ರೂಪುಗೊಂಡದ್ದು: ತಳ ಚಪ್ಪಟೆ, ಎರಡೂ ತುದಿ ಮೇಲಕ್ಕೆ ಬಾಗಿರುತ್ತವೆ. ನಾವು ಮುಂದೆ ಕೂರುತ್ತೇವೆ. ಗೈಡ್ ನಡುವೆ ಕೂತು, ಹರಿವಿನ ಕಡೆಗೇ ಮುಖ ಮಾಡಿ, ಹಿಂದಕ್ಕೆ ಹುಟ್ಟು ಹಾಕುತ್ತಾರೆ. ನೀರು ಎಳೆಯುತ್ತದೆ, ಅವರು ತಡೆಯುತ್ತಾರೆ. ದೋಣಿ ಹರಿವಿಗಿಂತ ನಿಧಾನವಾಗಿ ಇಳಿಯುವಾಗ ಮುಂದೆ ಬಿಟ್ಟ ಪ್ಲಗ್, ಅಂದರೆ ಹುಸಿ ಮೀನು, ನೀರಿಗೆದುರಾಗಿ ನಡುಗುತ್ತಾ ಬಂಡೆಯ ಮರೆಗೆ ಇಳಿಯುತ್ತದೆ. ಗಾಳದ ಕೋಲಿನ ತುದಿ ಒಂದೇ ಸಮನೆ ಅದುರುತ್ತಿರುತ್ತದೆ. ಒಮ್ಮೆ ಜಗ್ಗಿದರೆ ಕೈ ತಾನಾಗಿ ಕೋಲಿನತ್ತ ಓಡುತ್ತದೆ, ಗೈಡ್ ಗದರುತ್ತಾರೆ: ಕೋಲು ಪೂರ್ತಿ ಬಾಗಿ ನಿಲ್ಲುವವರೆಗೆ ಮುಟ್ಟಬಾರದು. ಗಂಗೊಳ್ಳಿ ಅಳಿವೆಯಲ್ಲಿ ಗಾಳ ಹಾಕಿ ಬೆಳೆದ ನಿಮಗೆ ಇದೇ ಕಷ್ಟವಾಗುವುದು, ನೋಡಿ ಬೇಕಾದರೆ.

ಯಾವ ನದಿ ಎಂದು ಈಗಲೇ ಕೇಳಬೇಡಿ. ಜೋರು ಮಳೆ ಬಿದ್ದರೆ ನದಿ ಕದಡಿ ಏರುತ್ತದೆ. ಇಳಿಯುತ್ತಾ ಹಸಿರು ಬಣ್ಣಕ್ಕೆ ತಿರುಗಿದ ದಿನವೇ ಒಳ್ಳೆಯ ದಿನ. ಕಿಲ್ಚಿಸ್ ಚಿಕ್ಕದು, ಬೇಗ ತಿಳಿಯಾಗುತ್ತದೆ. ವಿಲ್ಸನ್, ಟ್ರಾಸ್ಕ್ ಆಮೇಲೆ, ನೆಹೇಲಂ ಎಲ್ಲಕ್ಕಿಂತ ಕೊನೆಗೆ. ಹಿಂದಿನ ರಾತ್ರಿ ನೀರಿನ ಮಟ್ಟ ನೋಡಿ ಗೈಡ್ ತಿಳಿಸುತ್ತಾರೆ, ಕೆಲವೊಮ್ಮೆ ರದ್ದೂ ಮಾಡುತ್ತಾರೆ. ರದ್ದು ಮಾಡುವವರನ್ನೇ ನಾನು ನಂಬುವುದು. ಕೆಸರು ನೀರಿಗೂ ಬನ್ನಿ ಬನ್ನಿ ಎನ್ನುವವರಿಗೆ ಬೇಕಾದದ್ದು ನಮ್ಮ ದುಡ್ಡು.

ಇನ್ನು ಪೆಟ್ಟಿಗೆಯ ಮಾತು. ಮೀನು ಬಲೆಗೆ ಬಂದ ಕೂಡಲೇ ಎಲ್ಲರೂ ನೋಡುವುದು ಬೆನ್ನ ಮೇಲೆ, ಬಾಲದ ಹತ್ತಿರ ಇರುವ ಸಣ್ಣ ಮೆತ್ತನೆಯ ರೆಕ್ಕೆಯನ್ನು. ಹ್ಯಾಚರಿಯಲ್ಲಿ ಸಾಕಿ ಬಿಟ್ಟ ಮೀನಿಗೆ ಮರಿಯಿದ್ದಾಗಲೇ ಅದನ್ನು ಕತ್ತರಿಸಿರುತ್ತಾರೆ. ಅಲ್ಲಿ ಮಾಗಿದ ಗಾಯದ ಗುರುತಿದ್ದರೆ ಇಟ್ಟುಕೊಳ್ಳಬಹುದು. ರೆಕ್ಕೆ ಇದ್ದರೆ ಅದು ನದಿಯಲ್ಲೇ ಹುಟ್ಟಿದ್ದು; ಆ ನದಿಗಳಲ್ಲಿ ಅದನ್ನು ನೀರಿನಲ್ಲೇ ಇಟ್ಟು ಗಾಳ ಬಿಡಿಸಿ ಬಿಡಬೇಕು. ಹಿಂದೆ ಭೀಮೇಶ್ವರಿಯಲ್ಲಿ ಮಹಸೀರ್ ಹಿಡಿದು ಮತ್ತೆ ಕಾವೇರಿಗೇ ಬಿಡುತ್ತಿದ್ದರಲ್ಲ, ಅದೇ ಕ್ರಮ.

ಲೈಸೆನ್ಸ್ ನಾವೇ ಮಾಡಿಸಬೇಕು. ಸ್ಟೀಲ್‌ಹೆಡ್‌ಗೆ ಟ್ಯಾಗ್ ಕೂಡ ಬೇಕು, ಇಟ್ಟುಕೊಂಡ ಮೀನನ್ನು ಅಲ್ಲೇ ಅದರಲ್ಲಿ ದಾಖಲಿಸಬೇಕು. ಗೈಡ್ ರಾಜ್ಯದ ಮರೀನ್ ಬೋರ್ಡಿನಲ್ಲಿ ನೋಂದಾಯಿಸಿಕೊಂಡವರೇ ಎಂದು ನಾನು ನೋಡುತ್ತೇನೆ. ನಿಮ್ಮ ಪಾಸ್‌ಪೋರ್ಟಿನ ಹೆಸರು, ಜನ್ಮದಿನಾಂಕ ನನಗೊಬ್ಬಳಿಗೇ ಕಳಿಸಿ, ದಯವಿಟ್ಟು ಗ್ರೂಪಿನಲ್ಲಿ ಹಾಕಬೇಡಿ. ಉಣ್ಣೆಯ ಕಾಲುಚೀಲ ತನ್ನಿ. ರೇನ್‌ಕೋಟ್, ಬೂಟು ಇಲ್ಲಿವೆ. ಮುಂದಿನ ಹಲಗೆಯಲ್ಲಿ ಇಬ್ಬರಿಗೇ ಜಾಗ, ನಿಮ್ಮ ಜೊತೆ ಅಳಿಯ ಬರುತ್ತಾನೋ ನಾನು ಬರಬೇಕೋ ತೀರ್ಮಾನಿಸಿ. ಚಿಕ್ಕಮ್ಮ, ಕುಂದಾಪುರದ ಮೀನು ಸಾರಿನ ಪುಡಿ ಮರೆಯಬೇಡಿ. ನದಿ ಕೈಕೊಟ್ಟರೂ ಅಂಗಡಿಯಲ್ಲಿ ಮೀನು ಸಿಗುತ್ತದೆ.