ಅಪ್ಪನ ರಿಟೈರ್‌ಮೆಂಟ್‌ಗೆ ಯಾವ ಹಾಡು? ರಾಯಚೂರಿನ ನಮ್ಮ ಮನೆ ಗುಂಪಿನ ಜಗಳ

ತಮ್ಮ: (ಯೂಟ್ಯೂಬ್ ಪಟ್ಟಿ) ಭಾನುವಾರದ ಊಟಕ್ಕೆ ಹಾಡು ರೆಡಿ. ಮೊದಲು ಆರು ಅಳೋ ಹಾಡು, ಆಮೇಲೆ ಆರು ಕುಣಿಯೋ ಹಾಡು. ಸೌಂಡ್ ಬಾಕ್ಸ್‌ನವರಿಗೂ ಹೇಳಿದ್ದೇನೆ.

ಮಾನ್ವಿ ಚಿಗವ್ವ: ಮೊದಲನೇದು ಕೇಳಿದೆ. ಯಾರೋ ತೀರಿಕೊಂಡ ಹಾಗಿದೆ. ತೆಗಿಯಪ್ಪ ಅದನ್ನ.

ಸಣ್ಣ ಕಾಕಾ: ಎಲ್ಲಾ ಖುಷಿ ಹಾಡೇ ಹಾಕಿ. ಅಣ್ಣನಿಗೆ ಇನ್ನು ನೈಟ್ ಶಿಫ್ಟ್ ಇಲ್ಲ. ಅಳೋಕೆ ಏನಿದೆ?

ನಾನು: ಕಾಕಾ, ಶಕ್ತಿನಗರದ ಪವರ್ ಪ್ಲಾಂಟ್ ಕ್ವಾರ್ಟರ್ಸ್ ಬಿಡಬೇಕಲ್ಲ. ಅವ್ವನ ಕರಿಬೇವಿನ ಗಿಡ ಅಲ್ಲೇ ಉಳಿಯುತ್ತೆ. ಅಪ್ಪ ಸಾಮಾನು ಕಟ್ಟುತ್ತಾ ಹಾಡು ಗುನುಗುತ್ತಾರೆ, ನಡುವೆ ಸುಮ್ನೆ ನಿಂತುಬಿಡುತ್ತಾರೆ. ಖುಷಿ, ಸಂಕಟ ಎರಡೂ ಒಟ್ಟಿಗೇ ಇವೆ. ಇವನು ನೋಡಿದರೆ ಅಳುವಿಗೂ ನಗುವಿಗೂ ಬೇರೆ ಬೇರೆ ಶಿಫ್ಟ್ ಹಾಕಿದ್ದಾನೆ!

ತಮ್ಮ: ಸರಿ ಅಕ್ಕಾ, ಒಂದು ಅಳೋದು, ಒಂದು ಕುಣಿಯೋದು, ಹೀಗೆ ಹಾಕುತ್ತೇನೆ.

ನಾನು: ಅದು ಇನ್ನೂ ಕೆಟ್ಟದು. ಕಣ್ಣು ಒರೆಸಿಕೊಳ್ಳೋ ಮೊದಲೇ ಡಿಜೆ ಶುರುವಾಗುತ್ತೆ. ಒಂದೇ ಹಾಡಲ್ಲಿ ಎರಡೂ ಇರಬೇಕು. ಮುದಗಲ್ ಮೊಹರಂ ನೋಡಿದ್ದೀಯಲ್ಲ. ಅಲ್ಲಿ ಹಾಡೋ ರಿವಾಯತ್ ಪದದಲ್ಲಿ ಇರೋದೇನು? ಕರ್ಬಲಾದಲ್ಲಿ ಹುಸೇನರು ಮಡಿದ ಕಥೆ. ಮಾತೆಲ್ಲ ದುಃಖದ್ದೇ. ಆದರೆ ಹಾಡೋರ ಕಾಲಲ್ಲಿ ಗೆಜ್ಜೆ, ಹೆಜ್ಜೆಗೆ ಸರಿಯಾಗಿ ಪದ. ಆ ಕಡೆ ಅಲಾಯಿ ಕುಣಿ, ಅಂದರೆ ಬೆಂಕಿ ಹಾಕೋ ಗುಂಡಿ, ಅದರ ಸುತ್ತ ಊರೇ ಕುಣಿಯುತ್ತೆ, ಹಿಂದೂ ಮುಸ್ಲಿಂ ಅಂತಿಲ್ಲ. ಮಾತು ಒಂದು ಕಡೆ ಎಳೆದರೆ ತಾಳ ಇನ್ನೊಂದು ಕಡೆ. ಮಗಳನ್ನು ಒಪ್ಪಿಸಿಕೊಡುವಾಗಿನ ಸೋಬಾನೆ ಪದವೂ ಹಾಗೇ ಅಲ್ವಾ? ಚಪ್ಪರ ಮದುವೆಯದು, ಹಾಡೋರ ಗಂಟಲು ಮಾತ್ರ ಕಟ್ಟಿರುತ್ತೆ.

ಸಣ್ಣ ಕಾಕಾ: ರಿಟೈರ್‌ಮೆಂಟ್‌ಗೆ ಮೊಹರಂ ಪದ ಹಾಕ್ತೀಯಾ ತಾಯಿ?

ನಾನು: ಅದನ್ನೇ ಅಲ್ಲ ಕಾಕಾ, ಆ ಥರದ್ದು. ಮಾತು ಭಾರ ಇದ್ದರೆ ತಾಳ ಚುರುಕಾಗಿರಲಿ. ಮಾತು ಹಗುರ ಇದ್ದರೆ ರಾಗ ಮೆತ್ತಗಿರಲಿ. ಎರಡೂ ಭಾರ ಆದರೆ ಅವ್ವ ಊಟಾನೇ ಮಾಡಲ್ಲ.

ಲಿಂಗಸುಗೂರು ಮಾಮಾ: ಭೈರವಿ ಇಟ್ಟುಕೊಳ್ಳಿ. ಹೆಸರಿಗೆ ಬೆಳಗಿನ ರಾಗ. ಆದರೆ ಹಿಂದೂಸ್ತಾನಿ ಕಛೇರಿ ಎಷ್ಟೊತ್ತಿಗೆ ಮುಗಿದರೂ ಕೊನೆಗೆ ಹೆಚ್ಚಾಗಿ ಹಾಡೋದು ಅದನ್ನೇ. ರಿ, ಗ, ಧ, ನಿ ನಾಲ್ಕೂ ಕೋಮಲ, ಅಂದರೆ ಸ್ವಲ್ಪ ಇಳಿಸಿದ ಸ್ವರ. ನಿಧಾನಕ್ಕೆ ಹಾಡಿದರೆ ಕರುಳು ಹಿಂಡುತ್ತೆ. ಚುರುಕಾದ ಕೆಹರವಾ ತಾಳಕ್ಕೆ ಭಜನೆ ಕೂಡಿಸಿದರೆ ಕೈ ತಾನೇ ಚಪ್ಪಾಳೆ ಹಾಕುತ್ತೆ. ರೆಕಾರ್ಡ್ ಬೇಕು ಅಂದರೆ ನಮ್ಮ ಜಿಲ್ಲೆಯವರೇ ಆದ ಸಿದ್ಧರಾಮ ಜಂಬಲದಿನ್ನಿ ಹಾಡಿದ ವಚನಗಳಿವೆ.

ಮಾನ್ವಿ ಚಿಗವ್ವ: ನಮ್ಮೂರ ಜಗನ್ನಾಥದಾಸರ ಪದ ಒಂದಾದರೂ ಬೇಕು. ನಾನೇ ಹಾಡ್ತೀನಿ.

ತಮ್ಮ: 🙏 ಚಿಗವ್ವ, ಒಂದೇ ಸಾಕು.

ಸಣ್ಣ ಕಾಕಾ: ಹುಡುಗರಿಗೆ ಕುಣಿಯೋಕೆ ಬೇಡವಾ? ಏನಾದರೂ ಇಡ್ರಪ್ಪ.

ನಾನು: ಇಡೋಣ ಕಾಕಾ, ಊಟ ಆದ ಮೇಲೆ, ಅಪ್ಪ ತಾವೇ ಎದ್ದರೆ. ಸ್ಟೇಜ್ ಮೇಲೆ ಎಳೆದುಕೊಂಡು ಹೋಗೋದು ಬೇಡ. ಅಂಥ ವಿಡಿಯೋ ನೋಡಿದರೆ ನನಗೆ ಮೈ ಉರಿಯುತ್ತೆ.

ಅಪ್ಪ: ನಾನೂ ಇದೇ ಗುಂಪಿನಲ್ಲಿ ಇದ್ದೇನೆ. ಊಟ ಬಡಿಸುವಾಗ ಯಾವ ಹಾಡೂ ಬೇಡ, ಪ್ಲಾಂಟ್ ಗೆಳೆಯರ ಜೊತೆ ಮಾತಾಡಬೇಕು. ಟರ್ಬೈನ್ ಸದ್ದಲ್ಲಿ ಕಿರುಚಿ ಕಿರುಚಿ ಸಾಕಾಗಿದೆ. ಆಮೇಲೆ ಮಾಮಾ ಹಾರ್ಮೋನಿಯಂ ಪೇಟಿ ತರಲಿ.

ಲಿಂಗಸುಗೂರು ಮಾಮಾ: ತರ್ತೀನಿ ಭಾವ. ತಬಲಾದವನನ್ನೂ ಕರೆತರ್ತೀನಿ.

ತಮ್ಮ: ಹಾಗಾದರೆ ಸೌಂಡ್ ಬಾಕ್ಸ್‌ಗೆ ಕೊಟ್ಟ ಅಡ್ವಾನ್ಸ್?

ಸಣ್ಣ ಕಾಕಾ: ಪಟ್ಟಿ ಮಾಡಿದವರದೇ ಖರ್ಚು.